ಕೂಡದು

ಗುರುವಾರ ನನ್ನ ವಾರದ ರಜೆ;
ಹಡಪಸರದಲ್ಲಿ ಅಂದು ಕರೆಂಟಿಗೂ ರಜೆ,
ಸಂಜೆಯವರೆಗೆ ದುರಸ್ತಿ ಎಂದು ಮೆಸೇಜು.
ಒಳ್ಳೆಯದೇ ಆಯಿತು.
ಹಳೇ ಬೆಡ್‌ಶೀಟು ಹಾಸಿ, ಬಳೆ ತೆಗೆದಿಟ್ಟು
ನಾನೂ ಮೃಣ್ಮಯಿಯೂ ಕೂತೆವು,
ತಾಪಕೀರ್ ಗಲ್ಲಿಯಿಂದ ಎರಡು ರಿಕ್ಷಾ ಬದಲಿಸಿ
ತೊಡೆಯ ಮೇಲಿಟ್ಟುಕೊಂಡು ತಂದ
ರಟ್ಟಿನ ಪೆಟ್ಟಿಗೆಗಳ ನಡುವೆ.

ಪವರ್ ಸಪ್ಲೈ ಇಟ್ಟಂಗಿಯಷ್ಟು ಭಾರ.
ಅದರ ಬೆನ್ನಿಂದ ಹೊರಟ ಕರಿ ಕೇಬಲ್ಲುಗಳು,
ಐಸಿಯುನಲ್ಲಿ ನನ್ನ ಮೊದಲ ದಿನ ಕಂಡ
ಮುದುಕನ ಮೈಯಿಂದ ಹೊರಟಂತೆ;
ಕೆಲವು ಹುಟ್ಟುತ್ತಲೇ ಅಂಟಿದವು,
ಕೆಲವು ನಾವೇ ಚುಚ್ಚಬೇಕಾದವು.

ಇಪ್ಪತ್ತನಾಲ್ಕು ಪಿನ್ನಿನ ಅಗಲ ಬಾಯಿ ಮದರ್‌ಬೋರ್ಡಿಗೆ,
ದೊಡ್ಡವರಿಗೆ ಒಂದೇ ಮನೆ, ಗೊಂದಲವಿಲ್ಲ.
ಎಲ್ ಆಕಾರದ ಚಪ್ಪಟೆ ಬಾಯಿ ಡಿಸ್ಕಿಗೆ.
ನಾಲ್ಕು ದಪ್ಪ ಪಿನ್ನಿನ ಹಳೇ ಕಾಲದ್ದೊಂದು,
ಅದನ್ನೀಗ ಕೇಳುವವರಿಲ್ಲ,
ಆದರೂ ಇರುತ್ತದೆ, ಮದುವೆಯ ಕರೆಯೋಲೆಯಲ್ಲಿ
ಯಾರಿಗೂ ನೆನಪಿಲ್ಲದ ಮಾವನ ಹೆಸರಿದ್ದಂತೆ.

ತೊಡಕೆಲ್ಲ ಎಂಟರದು.
ಎಂಟು ಪಿನ್ನಿನವು ಎರಡು:
ಪ್ರೊಸೆಸರಿನದು ನಾಲ್ಕು-ನಾಲ್ಕಾಗಿ ಸೀಳುತ್ತದೆ,
ಗ್ರಾಫಿಕ್ಸ್ ಕಾರ್ಡಿನದು ಆರು-ಎರಡಾಗಿ.
ಅವಳಿಗಳು. ತಾಯಿಗಷ್ಟೇ ತಿಳಿಯುವ ಮಚ್ಚೆ:
ಕೆಲವು ತೂತು ಚೌಕ, ಕೆಲವುಗಳ ಮೂಲೆ ಸವೆಸಿದ್ದಾರೆ.

ಮೃಣ್ಮಯಿ ಒತ್ತಿದಳು. ಹೋಗಲಿಲ್ಲ.
ನಾಲಗೆ ಕಚ್ಚಿಕೊಂಡು ಇನ್ನಷ್ಟು ಒತ್ತಿದಳು.
“ಒತ್ತಬ್ಯಾಡ. ಅದು ಅಲ್ಲಿ ಕೂಡೂದಿಲ್ಲ.”
“ಸೈಜ್ ಸೇಮ್ ಆಹೆ, ಆಯಿ!”
ಜಗಳ. ಒಂದು ಗ್ಲಾಸು ಮಜ್ಜಿಗೆ. ಮತ್ತೆ ಜಗಳ.

ಆಮೇಲೆ ಅವಳಿಗೆ ಸಿಲಿಂಡರಿನ ಮಾತು ಹೇಳಿದೆ:
ಆಕ್ಸಿಜನ್ನಿಗೆ ಎರಡು ಮತ್ತು ಐದನೆಯ ಜಾಗದಲ್ಲಿ ತೂತು,
ಮಂಪರು ತರಿಸುವ ನೈಟ್ರಸ್‌ಗೆ ಮೂರು ಮತ್ತು ಐದು.
ನಡುರಾತ್ರಿ, ನಿದ್ದೆಗಣ್ಣು, ಬಣ್ಣ ಕಾಣದಿದ್ದರೂ
ತಪ್ಪು ಸಿಲಿಂಡರು ತಪ್ಪು ನೊಗಕ್ಕೆ ಕೂರುವುದಿಲ್ಲ.
ಯಾರೋ ಎಲ್ಲೋ ಕೂತು
ನಮ್ಮ ದಣಿವನ್ನು ಮೊದಲೇ ಲೆಕ್ಕ ಹಾಕಿದ್ದಾರೆ.
ಪ್ಲಾಸ್ಟಿಕ್ಕಿನ ಈ ಸವೆದ ಮೂಲೆ
ಮೊಣಕೈ ಹಿಡಿದು ನಿಲ್ಲಿಸುವ ಹಿರಿಯ ನರ್ಸಿನ ಕೈ.

ಹೇಳದೇ ಬಿಟ್ಟದ್ದು:
ಮೂಗಿನಿಂದ ಹೊಟ್ಟೆಗೆ ಗಂಜಿ ಇಳಿಸುವ ನಳಿಕೆ,
ತೋಳಿನಿಂದ ರಕ್ತಕ್ಕೆ ಸಲೈನಿನ ನಳಿಕೆ,
ಎರಡರ ಬಾಯಿಯೂ ಒಂದೇ ಅಳತೆಯಿದ್ದ ಕಾಲ.
ಹತ್ತೊಂಬತ್ತನೇ ಹಾಸಿಗೆ. ನನ್ನ ಸಿರಿಂಜಿನಲ್ಲಿ ಹಾಲು.
ಎಷ್ಟು ಸಲೀಸಾಗಿ ತಿರುಗಿ ಕೂತಿತು ಅದು!
ಒತ್ತಲಿದ್ದ ಹೆಬ್ಬೆರಳನ್ನು ತಡೆದದ್ದೇನೋ ತಿಳಿಯದು,
ಹಾಸಿಗೆಯ ಮುದುಕಿ ಕೆಮ್ಮಿದಳು, ಅಷ್ಟೆ.

ಐದೂ ಕಾಲಿಗೆ ಕರೆಂಟು.
ಫ್ರಿಜ್ಜು ನಡುಗಿತು, ಮೇಲಿನ ಮನೆಯ ಮಿಕ್ಸರು ಶುರು.
ಗುಂಡಿ ಒತ್ತಿದಳು: ಫ್ಯಾನು ತಿರುಗಿತು, ದೀಪ ಹತ್ತಿತು,
ಪರದೆ ಮಾತ್ರ ಕಪ್ಪು.
“ಉಸಿರೈತಿ, ಎಚ್ಚರಿಲ್ಲ,” ಎಂದೆ ವಾರ್ಡಿನ ಮಾತಿನಲ್ಲಿ.
ಟಾರ್ಚು ಹಿಡಿದು ಹುಡುಕಿದರೆ
ಮೇಲಿನ ಮೂಲೆಯ ಇಕ್ಕಟ್ಟಿನಲ್ಲಿ
ಎಂಟು ಖಾಲಿ ಕಣ್ಣು.
ಜಗಳದಲ್ಲಿ ಅದನ್ನು ಹಾಕುವುದೇ ಮರೆತಿದ್ದೆವು.
ಪ್ಲಗ್ಗು ಕಿತ್ತೆ. ಒಳಗೆ ಹೋಗಲು
ಅವಳ ಸಣ್ಣ ಬೆರಳೇ ಬೇಕಾಯಿತು.
ಟಿಕ್.
“ಇದಕ್ಕ ಕನ್ನಡದಾಗ ಏನಂತಾರ?”
“ಚಿಲಕ.”
“ಚಿಲಕ,” ಎಂದು ಎರಡು ಸಲ ಹೇಳಿಕೊಂಡಳು.
ಆಮೇಲೆ ಕಪ್ಪಿನ ಮೇಲೆ ಬಿಳಿ ಅಕ್ಷರ,
ನನಗರ್ಥವಾಗದ್ದು, ಸಾಲು ಸಾಲು.

ಒಂದು ಕೇಬಲ್ಲು ಉಳಿಯಿತು.
ಅಂಗಡಿಯ ಕಾಂಕರಿಯಾ ಧಾರಾಳವಾಗಿ ಕೊಟ್ಟದ್ದು,
ಬೇರೆ ಕಂಪನಿಯದು, ಮುಂದಿನ ಡಿಸ್ಕಿಗಾಗಲಿ ಎಂದು.
ನಮ್ಮ ಪೆಟ್ಟಿಗೆಯ ಬೆನ್ನಿಗೆ ಹಿಡಿದು ನೋಡಿದೆ:
ಹೂವಿನಂತೆ ಕೂತಿತು.
ಕೈಪಿಡಿಯ ಕೊನೇ ಹಾಳೆಯಲ್ಲಿ ಇರುವೆಯಷ್ಟು ಅಕ್ಷರ:
ಒಳಗಿನ ತಂತಿಗಳ ಸರದಿ ಬೇರೆಯಿರಬಹುದು,
ಐದು ವೋಲ್ಟಿನ ದಾರಿಯಲ್ಲಿ ಹನ್ನೆರಡು ಹರಿದೀತು.

ಮೃಣ್ಮಯಿ ಮಲಗಿದ ಮೇಲೆ
ಯೂನಿಫಾರ್ಮಿನ ಜೇಬಿನ ಅಂಟುಪಟ್ಟಿ ಹರಿದು
ಆ ಕೇಬಲ್ಲಿನ ಕೊರಳಿಗೆ ಸುತ್ತಿ
ಬಾಲ್‌ಪೆನ್ನಿನಲ್ಲಿ ಬರೆದೆ,
ಅವಳೀಗ ಓದಬಲ್ಲಳು, ಕೂಡಿಸಿ ಕೂಡಿಸಿ:
ಬೇರೆ ಪೆಟ್ಟಿಗೆಯದು.
ಕೂಡುತ್ತದೆ.
ಕೂಡದು.